ನಾಯಿಯ ಒಂದು ಕಣ್ಣು ಹೊರಗೆ ಬರುತ್ತಿದೆ: ಹಿಂದಿರುವುದು ಗಡ್ಡೆಯೋ, ಕೀವೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಕರಿಯ ಎಂಬ ಒಂಬತ್ತು ವರ್ಷದ ಗಂಡು ನಾಯಿ ಇದೆ, ಲ್ಯಾಬ್ರಡಾರ್ ಮಿಶ್ರತಳಿ, ತೂಕ 24 ಕೆ.ಜಿ. ಎರಡು ತಿಂಗಳಿಂದ ಅದರ ಎಡಗಣ್ಣು ಮುಂದಕ್ಕೆ ಬರುತ್ತಿದೆ. ಮೂಗಿನ ಕಡೆಯ ಮೂಲೆಯಲ್ಲಿ ಕೆಂಪು ಪೊರೆ ಕಾಣುತ್ತದೆ. ಊಟ ಬಿಟ್ಟಿಲ್ಲ, ಮೂಳೆಯನ್ನೂ ಕಡಿಯುತ್ತದೆ. ಊರಿನ ಪಶುವೈದ್ಯರು ಐದು ದಿನ ಆ್ಯಂಟಿಬಯೋಟಿಕ್ ಜೊತೆಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರು. ಒಂದು ವಾರ ಸ್ವಲ್ಪ ಇಳಿದು ಮತ್ತೆ ಮೊದಲಿನಂತಾಯಿತು. ಎಡ ಮೂಗಿನಲ್ಲಿ ಎರಡು ಸಲ ರಕ್ತ ಬಂತು. ಇಂಬಳ ಹೊಕ್ಕಿರಬೇಕು ಎಂದು ಬಿಟ್ಟೆವು. ಕಣ್ಣು ತೆಗೆಸಿಬಿಡಿ ಎಂದು ಒಬ್ಬರು, ನಂದಿಬಟ್ಟಲ ರಸ ಬಿಡಿ ಎಂದು ಇನ್ನೊಬ್ಬರು. ಇದು ಕ್ಯಾನ್ಸರೇ? ಏನು ಮಾಡಬೇಕು?

ಉತ್ತರ: ಗಡ್ಡೆಯಾಗಿರುವ ಸಾಧ್ಯತೆಯೇ ಹೆಚ್ಚು. ವಯಸ್ಸಾದ ನಾಯಿ, ಒಂದೇ ಕಣ್ಣು, ನಿಧಾನಕ್ಕೆ ಬೆಳೆದ ತೊಂದರೆ, ಬಾಯಿ ತೆರೆಯಲು ನೋವಿಲ್ಲ, ಅದೇ ಬದಿಯ ಮೂಗಲ್ಲಿ ರಕ್ತ. ಇವೆಲ್ಲ ಕೂಡಿದರೆ ಅನುಮಾನ ಆ ಕಡೆಗೇ ಹೋಗುತ್ತದೆ. ಆದರೆ ಬರೀ ಅನುಮಾನದ ಮೇಲೆ ಕಣ್ಣು ತೆಗೆಸಬೇಡಿ. ಕಣ್ಣಿನ ಹಿಂದೆ ಏನಿದೆ, ಎಲ್ಲಿಯವರೆಗೆ ಹಬ್ಬಿದೆ ಎಂದು ಗೊತ್ತಾಗುವ ಮುಂಚೆ ಚಾಕು ಹಾಕಿದರೆ ಎರಡು ರೀತಿಯ ನಷ್ಟವಾಗಬಹುದು: ಔಷಧಿಯಲ್ಲೇ ಕರಗಬಹುದಾಗಿದ್ದ ಗಡ್ಡೆಗೆ ಕಣ್ಣು ಬಲಿಯಾಗಬಹುದು, ಅಥವಾ ಮೂಗಿನಿಂದ ಬಂದ ಗಡ್ಡೆಯ ಮುಂದಿನ ತುದಿಯನ್ನಷ್ಟೇ ಕತ್ತರಿಸಿ ತಿಂಗಳೊಳಗೆ ಅದು ಮತ್ತೆ ಉಬ್ಬುವುದನ್ನು ನೋಡಬೇಕಾಗಬಹುದು.

ನಾಯಿಯ ಕಣ್ಣಿನ ಗೂಡು ನಮ್ಮದರಂತೆ ಸುತ್ತಲೂ ಮೂಳೆಯದ್ದಲ್ಲ. ಕಿವಿಯ ಕಡೆಯ ಅಂಚಿನಲ್ಲಿ ಮೂಳೆಯ ಬದಲು ಗಟ್ಟಿ ನಾರಿನ ಪಟ್ಟಿ ಇದೆ. ತಳದಲ್ಲಿ ಮಾಂಸ, ಕೊಬ್ಬು ಮತ್ತು ಒಂದು ಜೊಲ್ಲುಗ್ರಂಥಿ, ಅದರ ಕೆಳಗೆ ನೇರವಾಗಿ ಬಾಯಿ. ಮೇಲ್ದವಡೆಯ ಕೊನೆಯ ಹಲ್ಲಿನ ಹಿಂದಿನ ಮೆತ್ತನೆಯ ಜಾಗವೇ ಈ ಗೂಡಿನ ಹಿಂಬಾಗಿಲು. ಮೂಗಿನ ಕಡೆಗೆ ಮಾತ್ರ ಮೂಳೆಯ ಗೋಡೆ, ಅದೂ ತೆಳ್ಳಗೆ. ಹಾಗಾಗಿ ಮೂಗಿನೊಳಗಿನ ಗಡ್ಡೆ ಆ ಗೋಡೆಯನ್ನು ಕೊರೆದು ಕಣ್ಣಿನ ಹಿಂದೆ ಬರುತ್ತದೆ, ಬಾಯಿಯಲ್ಲಿ ಚುಚ್ಚಿದ ಮೂಳೆಚೂರು ಅಥವಾ ಬಿದಿರಿನ ಸಿಬಿರು ಕೆಳಗಿನಿಂದ ಹೊಕ್ಕು ಕೀವು ಕಟ್ಟುತ್ತದೆ.

ಗಡ್ಡೆಗೂ ಕೀವಿಗೂ ಮೊದಲ ವ್ಯತ್ಯಾಸ ಸಿಗುವುದು ಬಾಯಿ ತೆರೆಸಿದಾಗ. ಬಾಯಿ ತೆರೆದಾಗ ಕೆಳದವಡೆಯ ಹಿಂಬದಿಯ ಮೂಳೆ ಮುಂದೆ ಸರಿದು ಕಣ್ಣಿನ ಗೂಡನ್ನು ಒತ್ತುತ್ತದೆ. ಅಲ್ಲಿ ಕೀವಿದ್ದರೆ ನಾಯಿ ಕಿರುಚುತ್ತದೆ, ಬಟ್ಟಲ ಮುಂದೆ ಹೋಗಿ ಮೂಸಿ ಹಿಂದೆ ಸರಿಯುತ್ತದೆ, ಜ್ವರವೂ ಇರುತ್ತದೆ. ಕೀವು ಎರಡು ಮೂರು ದಿನದಲ್ಲೇ ಕಣ್ಣನ್ನು ಮುಂದೆ ತಳ್ಳುತ್ತದೆ. ಗಡ್ಡೆ ಹಾಗಲ್ಲ. ವಾರ, ತಿಂಗಳು ತೆಗೆದುಕೊಳ್ಳುತ್ತದೆ, ಮೂಳೆಯನ್ನು ತಿನ್ನಲು ಶುರುಮಾಡುವವರೆಗೆ ನೋವು ಕಮ್ಮಿ. ಕರಿಯ ಮೂಳೆ ಕಡಿಯುತ್ತಿದೆ ಎಂಬ ನಿಮ್ಮ ಒಂದು ಸಾಲು ಅದಕ್ಕೇ ಬೆಲೆಯುಳ್ಳದ್ದು. ಇದಕ್ಕೆ ಅಪವಾದಗಳೂ ಉಂಟು. ದೊಡ್ಡ ಗಡ್ಡೆಯ ನಡುಭಾಗ ಕೊಳೆತು ಸೋಂಕಾದರೆ ಅದೂ ಕೀವಿನಂತೆ ನೋಯುತ್ತದೆ. ಆ್ಯಂಟಿಬಯೋಟಿಕ್‌ಗೆ ಸ್ವಲ್ಪ ಇಳಿಯಿತು ಎಂಬ ಮಾತ್ರಕ್ಕೆ ಕೀವೇ ಎಂದು ತೀರ್ಮಾನಿಸಲಾಗದು. ನಿಮ್ಮಲ್ಲಿ ಕೊಟ್ಟ ಇನ್ನೊಂದು ಇಂಜೆಕ್ಷನ್ ಸ್ಟೀರಾಯ್ಡ್ ಆಗಿದ್ದರೆ ಗಡ್ಡೆಯ ಸುತ್ತಲಿನ ಊತ ಒಂದು ವಾರ ಇಳಿದು ಮತ್ತೆ ಬಂದದ್ದಕ್ಕೆ ಅದೇ ಕಾರಣವಿರಬಹುದು. ಅದರ ಹೆಸರು, ಕೊಟ್ಟ ದಿನ ಎರಡನ್ನೂ ಕೇಳಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಅದರಿಂದ ಕೆಲಸವಿದೆ.

ಮೂಗಿನ ರಕ್ತದ ಬಗ್ಗೆ ಒಂದು ಮಾತು. ಮಳೆಗಾಲದ ಮಲೆನಾಡಿನಲ್ಲಿ ನಾಯಿಯ ಮೂಗಿಗೆ ಇಂಬಳ ಹೋಗುವುದು ನಿಜ. ಆಗ ನಾಯಿ ಬಿಡದೆ ಸೀನುತ್ತದೆ, ಮೂಗನ್ನು ಕಾಲಲ್ಲಿ ಉಜ್ಜುತ್ತದೆ, ತಿಳಿರಕ್ತ ಹನಿಯುತ್ತದೆ. ಇಂಬಳ ಉದುರಿದ ಮೇಲೆ ಎಲ್ಲ ನಿಲ್ಲುತ್ತದೆ. ಇಂಬಳ ಕಣ್ಣನ್ನು ಮುಂದೆ ತಳ್ಳುವುದಿಲ್ಲ. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರದಲ್ಲೂ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿದು ಮೂಗಲ್ಲಿ ರಕ್ತ ಬರುತ್ತದೆ, ಅಪರೂಪಕ್ಕೆ ಕಣ್ಣಿನ ಹಿಂದೆಯೇ ರಕ್ತ ತುಂಬಿ ಕಣ್ಣು ಉಬ್ಬುವುದೂ ಉಂಟು. ಆದ್ದರಿಂದ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ.

ಆಸ್ಪತ್ರೆಗೆ ಹೋಗುವ ಮುಂಚೆ ಮನೆಯಲ್ಲೇ ನೋಡಬಹುದಾದ ಒಂದಿಷ್ಟಿದೆ. ನಾಯಿಯನ್ನು ಕೂರಿಸಿ, ಹಿಂದೆ ನಿಂತು, ಅದರ ತಲೆ ನೇರವಾಗಿರುವಾಗ ಮೇಲಿನಿಂದ ಕೆಳಗೆ ನೋಡಿ. ಎರಡು ಕಣ್ಣುಗಳಲ್ಲಿ ಯಾವುದು ಎಷ್ಟು ಮುಂದಿದೆ ಎಂಬುದು ಎದುರಿನಿಂದ ನೋಡುವುದಕ್ಕಿಂತ ಈ ಕೋನದಲ್ಲಿ ಸ್ಪಷ್ಟ. ಹಾಗೆಯೇ ಒಂದು ಫೋಟೋ ತೆಗೆದಿಡಿ, ವಾರಕ್ಕೊಮ್ಮೆ ಅದೇ ಕೋನದಲ್ಲಿ ಇನ್ನೊಂದು. ಕಪ್ಪುಗುಡ್ಡೆಯ ಅಗಲ ಎರಡೂ ಕಡೆ ಒಂದೇ ಇದೆಯೇ ನೋಡಿ. ಒಂದು ಕಡೆ ಗುಡ್ಡೆಯೇ ದೊಡ್ಡದಾಗಿದ್ದರೆ ಅದು ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ರೋಗ) ಇರಬಹುದು, ಅದರ ದಾರಿಯೇ ಬೇರೆ. ಗಡ್ಡೆಯಲ್ಲಿ ಗುಡ್ಡೆಯ ಗಾತ್ರ ಬದಲಾಗುವುದಿಲ್ಲ, ಇರುವ ಜಾಗ ಬದಲಾಗುತ್ತದೆ. ಕಣ್ಣು ಯಾವ ದಿಕ್ಕಿಗೆ ವಾಲಿದೆ ಎಂಬುದನ್ನೂ ಗಮನಿಸಿ: ಮೂಗಿನ ಬದಿಯಲ್ಲಿ ಗಡ್ಡೆಯಿದ್ದರೆ ಕಣ್ಣು ಕಿವಿಯ ಕಡೆ ಸರಿಯುತ್ತದೆ, ಕೆಳಗಿನ ಜೊಲ್ಲುಗ್ರಂಥಿಯಲ್ಲಿದ್ದರೆ ಮೇಲಕ್ಕೆ. ದೃಷ್ಟಿನರದ ಮೇಲೇ ಬೆಳೆದಿದ್ದರೆ ನೇರ ಮುಂದೆ ಬರುತ್ತದೆ, ಮತ್ತು ಕಣ್ಣು ಅಷ್ಟಾಗಿ ಉಬ್ಬುವ ಮೊದಲೇ ಕುರುಡಾಗುತ್ತದೆ. ಮೂಲೆಯಲ್ಲಿ ಕಾಣುವ ಕೆಂಪು ಪೊರೆ ಬೇರೆ ಗಂಟಲ್ಲ, ನಾಯಿಗೆ ಇರುವ ಮೂರನೇ ರೆಪ್ಪೆ. ಹಿಂದಿನಿಂದ ಒತ್ತಿದಾಗ ಅದು ಹೊರಗೆ ಜಾರುತ್ತದೆ. ಅದನ್ನು ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ನಂದಿಬಟ್ಟಲು ಬೇಡವೇ ಬೇಡ. ಅದರ ಹಾಲು ಕಣ್ಣನ್ನು ಉರಿಸುತ್ತದೆ. ಮುಂದೆ ಬಂದ ಕಣ್ಣಿನ ಮೇಲೆ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ನಡುವಿನ ಪಟ್ಟಿ ಒಣಗಿ ಹುಣ್ಣಾಗುತ್ತದೆ, ಹುಣ್ಣು ಆಳವಾದರೆ ಗುಡ್ಡೆಯೇ ಒಡೆಯುತ್ತದೆ. ಈಗ ನೀವು ದಿನವೂ ಮಾಡಬೇಕಾದ ಕೆಲಸ ಇದನ್ನು ತಡೆಯುವುದು: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರಿನ ಹನಿ ಹಗಲಲ್ಲಿ ನಾಲ್ಕರಿಂದ ಆರು ಸಲ, ರಾತ್ರಿ ಮಲಗುವಾಗ ವೈದ್ಯರು ಹೇಳಿದ ಮುಲಾಮು. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಕಣ್ಣಿನ ಹನಿಗಳಲ್ಲಿ ಡೆಕ್ಸಾಮೆಥಾಸೋನ್ ಬೆರೆತವು ಬಹಳ. ಬಾಟಲಿಯ ಮೇಲೆ ಆ ಹೆಸರಿದ್ದರೆ ಹಾಕಬೇಡಿ, ಹುಣ್ಣಿರುವ ಕಣ್ಣಿನಲ್ಲಿ ಅದು ಕಾರ್ನಿಯಾವನ್ನು (ಗುಡ್ಡೆಯ ಮುಂದಿನ ಪಾರದರ್ಶಕ ಪೊರೆ) ಕರಗಿಸುತ್ತದೆ. ನೋವಿಗೆಂದು ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ, ನಾಯಿಯ ಹೊಟ್ಟೆಯಲ್ಲಿ ಹುಣ್ಣು ಎಬ್ಬಿಸಿ ಕಿಡ್ನಿ ಕೆಡಿಸುವ ಮಾತ್ರೆಗಳವು.

ವೈದ್ಯರ ಬಳಿ ಮೊದಲ ದಿನ ಆಗಬೇಕಾದ್ದು ದೊಡ್ಡ ಯಂತ್ರವಿಲ್ಲದೆ ಆಗುವ ಕೆಲಸ. ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಹೆಬ್ಬೆರಳಿಟ್ಟು ಎರಡೂ ಗುಡ್ಡೆಗಳನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಹೋಲಿಸುತ್ತಾರೆ. ಸರಿಯಿರುವ ಕಣ್ಣು ಕೊಬ್ಬಿನ ಮೆತ್ತೆಯ ಮೇಲೆ ಹಿಂದೆ ಹೋಗುತ್ತದೆ, ಗಡ್ಡೆಯಿರುವ ಕಡೆ ತಡೆಯುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ, ಆಳವಾದ ಹುಣ್ಣಿರುವ ಗುಡ್ಡೆ ಒತ್ತಿದರೆ ಒಡೆಯಬಹುದು. ಆಮೇಲೆ ಕಣ್ಣೀರು ಅಳೆಯುವ ಕಾಗದದ ಪಟ್ಟಿ (ಒಂದು ನಿಮಿಷಕ್ಕೆ 15 ಮಿ.ಮೀ. ಅಥವಾ ಹೆಚ್ಚು ಒದ್ದೆಯಾಗಬೇಕು), ಹುಣ್ಣು ತೋರಿಸುವ ಹಸಿರು ಬಣ್ಣ, ಕಣ್ಣಿನ ಒತ್ತಡ (10ರಿಂದ 25 ಮಿ.ಮೀ. ಪಾದರಸದ ಒಳಗಿರಬೇಕು), ದವಡೆಯ ಕೆಳಗಿನ ಗ್ರಂಥಿ, ಕೊನೆಯ ಹಲ್ಲಿನ ಹಿಂದಿನ ಜಾಗ, ಎರಡೂ ಮೂಗಿನ ಹೊಳ್ಳೆಯಲ್ಲಿ ಗಾಳಿ ಆಡುತ್ತಿದೆಯೇ ಎಂಬುದು. ಕೊನೆಯದಕ್ಕೆ ಹೊಳ್ಳೆಯ ಮುಂದೆ ಹತ್ತಿಯ ಎಳೆ ಹಿಡಿದರೆ ಸಾಕು. ಕರಿಯನ ಎಡ ಹೊಳ್ಳೆಯ ಮುಂದೆ ಎಳೆ ಅಲುಗದಿದ್ದರೆ ಗಡ್ಡೆ ಮೂಗಿನಲ್ಲೇ ಹುಟ್ಟಿ ಮೇಲೆ ಬಂದಿರುವ ಅನುಮಾನ ಬಲವಾಗುತ್ತದೆ.

ನಂತರ ಅಲ್ಟ್ರಾಸೌಂಡ್. 7.5ರಿಂದ 10 ಮೆಗಾಹರ್ಟ್ಸ್‌ನ ಪ್ರೋಬ್ ಇದ್ದರೆ ಮರಗಟ್ಟಿಸುವ ಹನಿ ಹಾಕಿ ಕಣ್ಣಿನ ಮೇಲಿನಿಂದ, ಇಲ್ಲವೇ ಕಣ್ಣಿನ ಹಿಂದಿನ ಕಪಾಳದ ಕಡೆಯಿಂದ ನೋಡಬಹುದು. ಕೀವು ಅಥವಾ ಜೊಲ್ಲು ತುಂಬಿದ ಚೀಲ ಕಪ್ಪಾಗಿ ಕಾಣುತ್ತದೆ, ಗಡ್ಡೆ ಗಟ್ಟಿಯಾಗಿ. ಹೋಲಿಸಲು ಬಲಗಣ್ಣನ್ನೂ ನೋಡಬೇಕು. ಅಲ್ಟ್ರಾಸೌಂಡ್‌ನ ಮಿತಿಯೆಂದರೆ ಮೂಳೆಯಾಚೆ ಅದಕ್ಕೆ ಕಾಣದು. ಮೂಗಿಗೆ, ಮಿದುಳಿನ ಕಡೆಗೆ ಹಬ್ಬಿದೆಯೇ ಎಂದು ಹೇಳುವುದು ಸಿ.ಟಿ. ಸ್ಕ್ಯಾನ್. ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಸಿ.ಟಿ.ಗೆ ಹಣ ಹಾಕಿ, ಇಲ್ಲದಿದ್ದರೆ ಉಳಿಸಿ. ತಲೆಯ ಎಕ್ಸ್‌ರೇಯಿಂದ ದೊಡ್ಡ ಮೂಳೆ ಹಾನಿ ಮಾತ್ರ ಗೊತ್ತಾಗುತ್ತದೆ. ಎದೆಯ ಎಕ್ಸ್‌ರೇ ಹಾಗಲ್ಲ, ಅದು ಬೇಕೇ ಬೇಕು. ಬಲ, ಎಡ ಎರಡು ಬದಿ ಮಲಗಿಸಿ, ಒಂದು ನೇರ, ಹೀಗೆ ಮೂರು ಫಿಲ್ಮ್. ಒಂದೇ ಬದಿಯ ಫಿಲ್ಮಿನಲ್ಲಿ ಕೆಳಗಾದ ಶ್ವಾಸಕೋಶ ಕುಗ್ಗಿ ಅದರೊಳಗಿನ ಗಂಟು ಮರೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಸೂಜಿಯದ್ದು, ನಮ್ಮ ಕಡೆ ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಮೊದಲು ಪ್ಲೇಟ್‌ಲೆಟ್ ಎಣಿಕೆ. 50,000ಕ್ಕಿಂತ ಕೆಳಗಿದ್ದರೆ ಸೂಜಿ ಮುಂದೂಡಿ ಉಣುಗು ಜ್ವರದ ಚಿಕಿತ್ಸೆ ಆಗಲಿ. ಸರಿಯಿದ್ದರೆ ನಾಯಿಯನ್ನು ಮಲಗಿಸಿ, ಅಲ್ಟ್ರಾಸೌಂಡ್ ನೋಡುತ್ತಾ 22 ಗೇಜಿನ ಒಂದೂವರೆ ಇಂಚಿನ ಸೂಜಿಯನ್ನು ಕಪಾಳದ ಕಡೆಯಿಂದ, ಅಥವಾ ಬಾಯಿಯೊಳಗೆ ಕೊನೆಯ ಹಲ್ಲಿನ ಹಿಂದಿನಿಂದ ಹಾಕುತ್ತಾರೆ. ಬಂದದ್ದು ಕೀವಾದರೆ ಅಲ್ಲೇ ಗೊತ್ತಾಗುತ್ತದೆ. ಅಂಟಂಟಾಗಿ ಎಳೆ ಎಳೆಯುವ ದ್ರವ ಬಂದರೆ ಜೊಲ್ಲುಗ್ರಂಥಿ ಸೋರಿ ಆದ ಚೀಲ. ಕಣಗಳು ಬಂದರೆ ನಾಲ್ಕರಿಂದ ಆರು ಗಾಜಿನ ಸ್ಲೈಡ್ ಮಾಡಿಸಿ. ಮಲೆನಾಡಿನ ಮಳೆಯಲ್ಲಿ ಸ್ಲೈಡ್ ತಾನಾಗಿ ಒಣಗಲು ಬಿಟ್ಟರೆ ತೇವಕ್ಕೆ ಕಣಗಳು ಉಬ್ಬಿ ಆಕಾರ ಕೆಡುತ್ತವೆ. ಬಳಿದ ತಕ್ಷಣ ಬೀಸಿ, ಇಲ್ಲವೇ ಫ್ಯಾನಿನ ಮುಂದೆ ಹಿಡಿದು ಒಣಗಿಸಬೇಕು. ಮಾಂಸದ ತುಂಡು ಹಾಕಿದ ಫಾರ್ಮಾಲಿನ್ (ತುಂಡು ಕೆಡದಂತೆ ಇಡುವ ದ್ರವ) ಬಾಟಲಿಯ ಜೊತೆಗೇ ಸ್ಲೈಡ್ ಕಟ್ಟಿ ಬಸ್ಸಿಗೆ ಕೊಡುವುದು ಇನ್ನೊಂದು ಸಾಮಾನ್ಯ ತಪ್ಪು. ಫಾರ್ಮಾಲಿನ್ ಆವಿ ತಾಗಿದರೆ ಸ್ಲೈಡಿಗೆ ಬಣ್ಣ ಹಿಡಿಯುವುದಿಲ್ಲ, ವರದಿ ‘ಓದಲಾಗದು’ ಎಂದು ಬರುತ್ತದೆ. ಬೇರೆ ಬೇರೆ ಪೊಟ್ಟಣ ಮಾಡಿ. ಬಯಾಪ್ಸಿ ತುಂಡು (ಪರೀಕ್ಷೆಗೆ ಕತ್ತರಿಸಿದ ಮಾಂಸ) ಒಂದು ಸೆಂ.ಮೀ.ಗಿಂತ ದಪ್ಪವಿರಬಾರದು, ಅದರ ಹತ್ತು ಪಟ್ಟು 10% ಫಾರ್ಮಾಲಿನ್ ಇರಬೇಕು, ಬಾಟಲಿಯ ಬಾಯಿ ಅಗಲವಿರಬೇಕು. ಸಣ್ಣ ಬಾಯಿಯ ಬಾಟಲಿಗೆ ಮೆತ್ತಗಿದ್ದಾಗ ತುರುಕಿದ ತುಂಡು ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ.

ಸೂಜಿಯಲ್ಲಿ ಬರೀ ರಕ್ತ ಬಂದರೆ ಗಡ್ಡೆ ಇಲ್ಲವೆಂದಲ್ಲ. ನಾರಿನಂಥ, ಮೂಳೆಯಂಥ ಗಡ್ಡೆಗಳು ಕಣ ಬಿಟ್ಟುಕೊಡುವುದಿಲ್ಲ. ಅಂಥಲ್ಲಿ ಬಯಾಪ್ಸಿಯೇ ದಾರಿ.

ಕಣ್ಣಿನ ಹಿಂದಿನ ಗಡ್ಡೆಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಕೆಟ್ಟ ಜಾತಿಯವು ಎಂಬುದನ್ನು ಮುಚ್ಚಿಡುವುದಿಲ್ಲ: ಮೂಳೆಯ ಆಸ್ಟಿಯೋಸಾರ್ಕೋಮಾ, ನಾರಿನ ಫೈಬ್ರೋಸಾರ್ಕೋಮಾ, ಮೂಗಿನಿಂದ ಬಂದ ಅಡಿನೋಕಾರ್ಸಿನೋಮಾ, ಬಿಳಿ ರಕ್ತಕಣಗಳ ಲಿಂಫೋಮಾ, ದೃಷ್ಟಿನರದ ಮೆನಿಂಜಿಯೋಮಾ ಇತ್ಯಾದಿ. ಎಲ್ಲಕ್ಕೂ ಒಂದೇ ಚಿಕಿತ್ಸೆಯಲ್ಲ. ಸೂಜಿ ಪರೀಕ್ಷೆಗೆ ಇಷ್ಟು ಒತ್ತು ಕೊಡುವುದಕ್ಕೆ ದೊಡ್ಡ ಕಾರಣ ನಮ್ಮ ಬೀದಿ ನಾಯಿಗಳಲ್ಲಿ ಸಾಮಾನ್ಯವಾದ ಟಿ.ವಿ.ಟಿ. (ಟ್ರಾನ್ಸ್ಮಿಸಿಬಲ್ ವೆನೀರಿಯಲ್ ಟ್ಯೂಮರ್). ಸಂಭೋಗದಿಂದ, ಮೂಸುವುದರಿಂದ, ನೆಕ್ಕುವುದರಿಂದ ನಾಯಿಯಿಂದ ನಾಯಿಗೆ ಹರಡುವ ಗಡ್ಡೆ ಇದು. ಹೆಚ್ಚಾಗಿ ಜನನಾಂಗದಲ್ಲಿ, ಕೆಲವೊಮ್ಮೆ ಮೂಗಿನೊಳಗೆ ಬೆಳೆಯುತ್ತದೆ. ಅಪರೂಪಕ್ಕೆ ಅಲ್ಲಿಂದ ಕಣ್ಣಿನ ಹಿಂದಕ್ಕೂ ಹಬ್ಬುತ್ತದೆ. ತೋಟದಲ್ಲಿ ಕಟ್ಟದೆ ಬೆಳೆದ ಗಂಡುನಾಯಿ, ಮೂಗಲ್ಲಿ ರಕ್ತ ಎಂದಾಗ ಇದನ್ನು ಮರೆಯುವಂತಿಲ್ಲ. ಸ್ಲೈಡಿನಲ್ಲಿ ಇದರ ದುಂಡು ಕಣಗಳು, ಅವುಗಳೊಳಗಿನ ಪುಟ್ಟ ಗುಳ್ಳೆಗಳು ಪಳಗಿದ ಕಣ್ಣಿಗೆ ಬೇಗ ಸಿಗುತ್ತವೆ. ಇದಕ್ಕೆ ಚಿಕಿತ್ಸೆ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧಿ, ಕೆ.ಜಿ.ಗೆ 0.025 ಮಿ.ಗ್ರಾಂ ಲೆಕ್ಕದಲ್ಲಿ, ಅಂದರೆ ಕರಿಯನಿಗೆ 0.6 ಮಿ.ಗ್ರಾಂ, ವಾರಕ್ಕೊಮ್ಮೆ ರಕ್ತನಾಳಕ್ಕೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಗಡ್ಡೆ ಕರಗುತ್ತದೆ, ಕಣ್ಣು ಉಳಿಯುತ್ತದೆ. ಪ್ರತಿ ಸಲವೂ ಮೊದಲು ಬಿಳಿ ರಕ್ತಕಣ ಎಣಿಸಬೇಕು. ಔಷಧಿ ರಕ್ತನಾಳದಿಂದ ಹೊರಗೆ ಸೋರಿದರೆ ಕಾಲಿನ ಮಾಂಸವೇ ಕೊಳೆಯುತ್ತದೆ, ಆದ್ದರಿಂದ ಒಂದೇ ಚುಚ್ಚಿಗೆ ಸರಿಯಾಗಿ ಕೂತ ಹೊಸ ಕ್ಯಾನುಲಾ ಬೇಕು, ಅಲುಗಾಡದಂತೆ ನಾಯಿಯನ್ನು ಹಿಡಿಯುವವರೂ ಬೇಕು.

ಲಿಂಫೋಮಾ ಆದರೂ ಚಾಕು ಬೇಡ. ಹಲವು ಔಷಧಿಗಳ ಕೀಮೋದಲ್ಲಿ ಬಹುತೇಕ ನಾಯಿಗಳಲ್ಲಿ ಗಡ್ಡೆ ಇಳಿಯುತ್ತದೆ, ತಿಂಗಳುಗಟ್ಟಲೆ ಒಳ್ಳೆಯ ಕಾಲ ಸಿಗುತ್ತದೆ, ಪೂರ್ತಿ ವಾಸಿ ಅಪರೂಪ. ಬರೀ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಒಂದೆರಡು ತಿಂಗಳು. ಸ್ಟೀರಾಯ್ಡ್ ಚೀಟಿ ಬರೆದಿಡಿ ಎಂದದ್ದು ಇದಕ್ಕೇ: ಮೊದಲೇ ಸ್ಟೀರಾಯ್ಡ್ ಬಿದ್ದರೆ ಲಿಂಫೋಮಾ ಕಣಗಳು ಸೂಜಿಗೆ ಸಿಗದೆ ಅಡಗುತ್ತವೆ, ಮುಂದಿನ ಕೀಮೋಗೂ ಜಗ್ಗದಂತಾಗುತ್ತವೆ. ಪರೀಕ್ಷೆ ಮುಗಿಯುವವರೆಗೆ ಇನ್ನೊಂದು ಸ್ಟೀರಾಯ್ಡ್ ಬೇಡ ಎಂದು ವೈದ್ಯರಲ್ಲಿ ವಿನಯದಿಂದಲೇ ಕೇಳಿಕೊಳ್ಳಿ.

ಶಸ್ತ್ರಚಿಕಿತ್ಸೆಯ ಮಾತು ಬರುವುದು ಗಡ್ಡೆ ಗೂಡಿನೊಳಗೇ ಇದ್ದು, ಎದೆ ಸ್ವಚ್ಛವಿದ್ದಾಗ. ಕಣ್ಣು ಉಳಿಸಿ ಗಡ್ಡೆ ಮಾತ್ರ ತೆಗೆಯುವ ವಿಧಾನವಿದೆ, ಕೆನ್ನೆಯ ಮೂಳೆ ಕತ್ತರಿಸಿ ಬದಿಯಿಂದ ಹೋಗುವುದು. ಅದು ಸಣ್ಣ, ಸ್ಪಷ್ಟ ಅಂಚಿರುವ ಗಂಟಿಗೆ, ನುರಿತ ಕೈಗೆ ಮಾತ್ರ. ಉಳಿದಂತೆ ರೆಪ್ಪೆ, ಗುಡ್ಡೆ, ಹಿಂದಿನ ಮಾಂಸ, ಕೊಬ್ಬು, ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಾರೆ. ಬರೀ ಗುಡ್ಡೆ ತೆಗೆಯುವ ಸಾಮಾನ್ಯ ಕಣ್ಣಿನ ಆಪರೇಷನ್ ಇಲ್ಲಿ ಸಾಲದು, ಗಡ್ಡೆ ಹಿಂದೆಯೇ ಉಳಿಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಇದೊಂದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಆಪರೇಷನ್ನಿನಲ್ಲಿ ಕೈಕೊಡುವುದು ಎರಡು ಕಡೆ. ಕಣ್ಣಿನ ಸ್ನಾಯು ಎಳೆದಾಗ ಹೃದಯ ಬಡಿತ ಹಠಾತ್ತನೆ ಇಳಿಯುತ್ತದೆ, ಆಗ ಎಳೆಯುವುದನ್ನು ನಿಲ್ಲಿಸಬೇಕು, ಅಟ್ರೋಪಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ಇನ್ನೊಂದು ಗೂಡಿನ ಆಳದ ರಕ್ತಸ್ರಾವ. ಅದಕ್ಕೆ ನರ, ರಕ್ತನಾಳ ಕಟ್ಟಿ, ಗಾಜ್ ಒತ್ತಿ ಐದು ನಿಮಿಷ ತಾಳ್ಮೆಯಿಂದ ಕಾಯಬೇಕು.

ಹಿಂದಿನ ರಾತ್ರಿ ಊಟ ಬೇಡ, ನೀರು ಬೆಳಗಿನವರೆಗೆ ಇರಲಿ. ಮನೆಗೆ ಬಂದ ಮೇಲೆ ಎರಡು ಮೂರು ದಿನ ಊತ ಹೆಚ್ಚುತ್ತದೆ, ಅದೇ ಬದಿಯ ಮೂಗಲ್ಲಿ ರಕ್ತ ಬೆರೆತ ನೀರು ಬರಬಹುದು, ಹೆದರಬೇಡಿ. ಕಣ್ಣೀರಿನ ನಾಳ ಮೂಗಿಗೆ ತೆರೆದಿರುವುದರಿಂದ ಅದು ಸಹಜ. ತಣ್ಣನೆ ಬಟ್ಟೆ ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ. ಕೊರಳಿಗೆ ಬುಟ್ಟಿಯಂಥ ಕಾಲರ್ ಹೊಲಿಗೆ ಬಿಚ್ಚುವವರೆಗೆ, ಅಂದರೆ 12ರಿಂದ 14 ದಿನ, ಊಟದ ಹೊತ್ತಲ್ಲೂ ತೆಗೆಯಬೇಡಿ. ನಾಯಿ ಕೆರೆಯುವುದು ಒಂದೇ ಗಳಿಗೆಯಲ್ಲಿ. ನೋವಿಗೆ ಮೆಲಾಕ್ಸಿಕಾಮ್ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ಆಮೇಲೆ ದಿನಕ್ಕೆ 0.1. ಕರಿಯನಿಗೆ ಅದು ಸುಮಾರು 2.4 ಮಿ.ಗ್ರಾಂ. ಮನುಷ್ಯರ 7.5 ಮಿ.ಗ್ರಾಂ ಮಾತ್ರೆ ಇಡೀ ಕೊಟ್ಟರೆ ಮೂರು ಪಟ್ಟಾಯಿತು. ಸ್ಟೀರಾಯ್ಡ್ ಬಿದ್ದ ವಾರದೊಳಗೆ ಇದನ್ನು ಕೊಡುವಂತಿಲ್ಲ, ಮತ್ತೆ ಆ ಚೀಟಿ ತೋರಿಸಿ. ಐದನೇ ದಿನದ ಮೇಲೂ ಊತ ಏರುತ್ತಿದ್ದರೆ, ವಾಸನೆ ಬಂದರೆ, ಹೊಲಿಗೆಯಿಂದ ಕೀವು ಬಂದರೆ ತಕ್ಷಣ ತೋರಿಸಿ. ತಿಂಗಳ ನಂತರ ಆ ಜಾಗ ಮತ್ತೆ ಉಬ್ಬಿದರೆ ಗಡ್ಡೆ ಮರಳಿರಬಹುದು, ಅಥವಾ ಒಳಗೆ ಉಳಿದ ಗ್ರಂಥಿಯ ತುಣುಕು ನೀರು ಸುರಿಸುತ್ತಿರಬಹುದು. ಇಲ್ಲಿಯೂ ಸೂಜಿಯೇ ಹೇಳಬೇಕು. ತೆಗೆದದ್ದನ್ನು ಪೂರ್ತಿ ಪರೀಕ್ಷೆಗೆ ಕಳಿಸಿ ‘ಅಂಚು ಸ್ವಚ್ಛವೇ’ ಎಂಬ ವರದಿ ತರಿಸಿಕೊಳ್ಳಿ. ಅಂಚಿನಲ್ಲಿ ಉಳಿದಿದ್ದರೆ ಮುಂದಿನದು ವಿಕಿರಣ, ಆದರೆ ಅದು ನಾಯಿಗಳಿಗೆ ನಮ್ಮ ಭಾಗದಲ್ಲಿ ಸಿಗದು ಎಂದೇ ಎಣಿಸಿ. ಕೆಲವು ಜಾತಿಗೆ ಕಾರ್ಬೋಪ್ಲಾಟಿನ್ ಅಥವಾ ಡಾಕ್ಸೋರುಬಿಸಿನ್ ಮೂರು ವಾರಕ್ಕೊಮ್ಮೆ ಕೊಡುತ್ತಾರೆ, ಗಡ್ಡೆ ನಿಧಾನವಾಗುತ್ತದೆ, ನಿಲ್ಲುವ ಭರವಸೆ ಕಡಿಮೆ.

ಒಂದು ಕಣ್ಣಿನ ನಾಯಿ ಚೆನ್ನಾಗಿಯೇ ಬದುಕುತ್ತದೆ. ಕಾಣದ ಬದಿಯಿಂದ ಹಠಾತ್ತನೆ ಮುಟ್ಟಬೇಡಿ, ಕರೆದು ಮುಟ್ಟಿ. ರಾತ್ರಿ ಅಂಗಳದಲ್ಲಿ ಬಿಡಬೇಡಿ, ಚಿರತೆ ಓಡಾಡುವ ಊರಿನಲ್ಲಿ ಎರಡು ಕಣ್ಣಿನ ನಾಯಿಗೇ ಕಷ್ಟ.

ಎಲ್ಲಿಗೆ ಹೋಗಬೇಕೆಂದರೆ, ನಿಮಗೆ ಹತ್ತಿರದ್ದು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ. ಹೊರಡುವ ಮೊದಲು ಫೋನ್ ಮಾಡಿ ಅಲ್ಟ್ರಾಸೌಂಡ್ ಯಾವ ದಿನ, ಶಸ್ತ್ರಚಿಕಿತ್ಸಾ ವಿಭಾಗದವರು ಯಾವಾಗ ಸಿಗುತ್ತಾರೆ ಎಂದು ಕೇಳಿ. ಸಿ.ಟಿ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಅಷ್ಟು ದೂರದ ಪ್ರಯಾಣ ಒಂದೇ ಸಲಕ್ಕೆ ಮುಗಿಯುವಂತೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಸ್ಲೈಡ್ ವರದಿ ಮೂರನ್ನೂ ಶಿವಮೊಗ್ಗದಲ್ಲೇ ಮುಗಿಸಿ. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಲು ಬಿಡಬೇಡಿ, ಗಾಳಿಗೆ ಆ ಕಣ್ಣು ಒಣಗುತ್ತದೆ.

ಪರೀಕ್ಷೆಯೆಲ್ಲ ಆಗಿ, ಗಡ್ಡೆ ಮೂಗು, ಮೂಳೆ, ಮಿದುಳಿನ ಕಡೆಗೆ ಹೋಗಿದೆ ಎಂದು ತಿಳಿದರೆ ಆಪರೇಷನ್ ಬೇಡ ಎನ್ನುವುದೂ ಸರಿಯಾದ ತೀರ್ಮಾನವೇ. ಆಗ ಕಣ್ಣಿಗೆ ಹನಿ, ರೆಪ್ಪೆಗಳನ್ನು ಭಾಗಶಃ ಹೊಲಿದು ಒಣಗದಂತೆ ಮಾಡುವುದು, ನೋವಿಗೆ ಮೆಲಾಕ್ಸಿಕಾಮ್ ಜೊತೆ ಗ್ಯಾಬಾಪೆಂಟಿನ್. ಅನ್ನ ಬಿಟ್ಟರೆ, ತಲೆಯನ್ನು ಗೋಡೆಗೆ ಒತ್ತಿ ನಿಂತರೆ, ಫಿಟ್ಸ್ ಬಂದರೆ, ಮೂಗು ಕಟ್ಟಿ ಬಾಯಲ್ಲೇ ಉಸಿರಾಡುತ್ತಾ ರಾತ್ರಿಯಿಡೀ ನಿದ್ರೆಯಿಲ್ಲದೆ ಓಡಾಡಿದರೆ ದಯಾಮರಣದ ಮಾತನ್ನು ವೈದ್ಯರೊಡನೆ ನೀವೇ ಎತ್ತಬಹುದು. ಸದ್ಯಕ್ಕೆ ಕರಿಯ ಆ ಹಂತದಲ್ಲಿಲ್ಲ. ಈ ವಾರವೇ ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ ಮೂರನ್ನೂ ಮಾಡಿಸಿ.